ನೀಲಿ ಅಂಗಿಯವನ ಪರವಾಗಿ

ಮೊನ್ನೆ ಟ್ರಂಕಿನ ತಳದಲ್ಲಿ ಮಂಕಿ ಕ್ಯಾಪು ಸಿಕ್ಕಿತು. ಕಲ್ಕತ್ತೆಯಲ್ಲಿ ಇದ್ದು ಬಂದವರಿಗೆ ಇದರ ಮಹಿಮೆ ಹೇಳಬೇಕಾಗಿಲ್ಲ. ಉಳಿದವರಿಗೆ ಒಂದು ಮಾತು. ಈ ಊರಿನ ಜನ ಬೇಸಗೆಯ ಬೆವರನ್ನು, ಮೊಣಕಾಲುದ್ದದ ಮಳೆನೀರನ್ನು, ವಾರಕ್ಕೊಂದು ಮೆರವಣಿಗೆಯನ್ನು ಹಾಡಿಕೊಂಡು ಸಹಿಸುತ್ತಾರೆ. ಆದರೆ ಕಾಳೀಪೂಜೆ ಕಳೆದು, ಸಂಜೆ ಹೊತ್ತು ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸಬೇಕಾಗಿ ಬಂತೋ, ಮನೆಮನೆಯಿಂದಲೂ ಉಣ್ಣೆಯ ಟೊಪ್ಪಿಗೆ ಹೊರಬೀಳುತ್ತದೆ. ಕಣ್ಣು ಮೂಗಿಗಷ್ಟು ಕಿಂಡಿ ಬಿಟ್ಟು ಮಿಕ್ಕ ಮುಖವನ್ನೆಲ್ಲ ನುಂಗುವ ಟೊಪ್ಪಿಗೆ. ನಾನು ಮೈಸೂರಿನವನು, ಹುಟ್ಟಾ ಗಾಬರಿಯವನು. ಬಂದ ಮೊದಲ ವರ್ಷವೇ ಎರಡು ಕೊಂಡೆ. ಒಂದು ಹಾಕಿಕೊಳ್ಳಲು, ಇನ್ನೊಂದು ಮೊದಲನೆಯದು ಕಳೆದುಹೋದರೆ ಇರಲಿ ಎಂದು.

ಟೊಪ್ಪಿಗೆ ಕೈಗೆ ಬಂದಾಗ ನೆನಪಾದದ್ದು ಮಾತ್ರ ಟೀವಿ. ಯಾಕೆಂದರೆ ನಾನು ಅದನ್ನು ಹೆಚ್ಚಾಗಿ ಹಾಕಿಕೊಂಡದ್ದು ಟಾಲಿಗಂಜಿನ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ, ಕಿಟಕಿ ಮುಚ್ಚಿಕೊಂಡು, ಮಂಜುಗಡ್ಡೆಯ ಮೇಲೆ ಜಾರುವ ಗಂಡಸರನ್ನು ನೋಡುತ್ತಾ ಕೂತಾಗ. ತೆರೆಯ ಮೇಲೆ ಅಷ್ಟಗಲದ ಮಂಜುಗಡ್ಡೆ ಕಂಡರೆ ನನಗೆ ನಿಜವಾಗಿಯೂ ಮೂಗು ಕಟ್ಟುತ್ತದೆ. ನಗಬೇಡಿ. ಡಾಕ್ಟರೂ ನಕ್ಕರು.

ಐಸ್ ಸ್ಕೇಟಿಂಗಿಗೂ ನಮಗೂ ಏನು ನಂಟು ಎನ್ನುತ್ತೀರಾ? ನ್ಯಾಯವಾದ ಪ್ರಶ್ನೆ. ಈ ಊರಿನಲ್ಲಿ ಮಂಜುಗಡ್ಡೆಯ ಮೇಲೆ ಜಾರುವುದು ಮೀನು ಮಾತ್ರ, ಅದೂ ಬೆಳಗಿನ ಮಾರ್ಕೆಟಿನಲ್ಲಿ. ನಂಟು ಬೆಳೆಸಿದವಳು ನನ್ನ ಮಗಳು ಚಿತ್ರಾ.

ಬೆಂಗಳೂರಿನ ಕೇಂದ್ರ ಸರ್ಕಾರದ ಕಚೇರಿಯಿಂದ ನನಗೆ ಇಲ್ಲಿಗೆ ವರ್ಗವಾದಾಗ ಅವಳು ಏಳನೇ ಕ್ಲಾಸು. ಅವಳ ಹೊಸ ಸ್ಕೂಲಿನ ಹುಡುಗಿಯರೆಲ್ಲ ಎಲ್‌ಕೆಜಿಯಿಂದ ಜೋಡಿಜೋಡಿಯಾಗಿ ಕೂತು ಬಂದವರು. ಟಿಫಿನ್ ಹೊತ್ತಿನಲ್ಲಿ ಇವಳಿಗೆ ಜಾಗ ಬಿಡುತ್ತಿದ್ದರು. ಆದರೆ ಜಾಗ ಬಿಡುವುದು ಬೇರೆ, ಜಾಗ ಹಿಡಿದಿಡುವುದು ಬೇರೆ, ಅಲ್ಲವೇ? ಎರಡು ವರ್ಷವಾದರೂ ಅವಳಿಗಾಗಿ ಯಾರೂ ಜಾಗ ಹಿಡಿದಿಡಲಿಲ್ಲ. ಸಂಜೆ ಮನೆಗೆ ಬಂದು ಸುಮ್ಮನೆ ಚಾನೆಲ್ ತಿರುವುತ್ತಿದ್ದಳು. ಒಂಬತ್ತನೇ ಕ್ಲಾಸಿನ ಚಳಿಗಾಲದಲ್ಲಿ ಹೀಗೆ ತಿರುವುವಾಗಲೇ ಅವನು ಸಿಕ್ಕಿದ್ದು.

ಅವನ ಹೆಸರಿನಲ್ಲಿ ಸ್ವರಗಳಿಗಿಂತ ವ್ಯಂಜನಗಳು ಬಹಳ. ನಮ್ಮ ಮನೆಯಲ್ಲಿ ಅವನು 'ನೀಲಿ ಅಂಗಿ'. ಹೆಸರಿಟ್ಟವಳು ನನ್ನ ಹೆಂಡತಿ ರತ್ನ. ಉಳಿದವರೆಲ್ಲ ಓಡಿ ಬಂದು ಗಾಳಿಯಲ್ಲಿ ಬುಗುರಿಯ ಹಾಗೆ ನಾಲ್ಕು ಸುತ್ತು ಸುತ್ತಿ ದಪ್ಪನೆ ಇಳಿದು, ಇಳಿದ ಕೂಡಲೇ ಮುಷ್ಟಿ ಎತ್ತುತ್ತಿದ್ದರು. ಇವನು ಮೂರೇ ಸುತ್ತು ಸುತ್ತುತ್ತಿದ್ದ. ಆದರೆ ಸುಮ್ಮನೆ ಜಾರುವಾಗ ನೋಡಬೇಕಿತ್ತು! ಒಂದು ಕಾಲಿನ ಮೇಲೆ ಬಾಗಿ, ಕೈಯನ್ನು ಹಿಂದೆ ಬಿಟ್ಟು, ಏನೋ ನೆನಪಾಗಿ ಸುಮ್ಮನಾದವನ ಹಾಗೆ ಅಂಗಳದ ಆ ತುದಿಯವರೆಗೂ ಹೋಗುತ್ತಿದ್ದ. ಆಮೇಲೆ ಅಂಕ ಬರುತ್ತಿತ್ತು. ನಾಲ್ಕನೆಯ ಸ್ಥಾನ. ಪ್ರತಿ ಸಲವೂ ನಾಲ್ಕನೆಯ ಸ್ಥಾನ. ಅವನು ತಲೆ ಆಡಿಸಿ ನೀರು ಕುಡಿಯುತ್ತಿದ್ದ.

"ಇವನ ತಾಯಿ ಎಲ್ಲಿದಾಳೋ, ಮಗ ಇಷ್ಟು ಸೊರಗಿದಾನೆ," ಎನ್ನುತ್ತಿದ್ದಳು ರತ್ನ.

"ಅಮ್ಮಾ, ಹೀ ಈಸ್ ಆನ್ ಅಥ್ಲೀಟ್!" ಎಂದು ಚಿತ್ರಾ ರೇಗುತ್ತಿದ್ದಳು.

"ಅಥ್ಲೀಟ್ ಆದ್ರೆ ಊಟ ಮಾಡಬಾರದಾ?"

ನನಗೆ ಅವನು ನಾಟಿದ್ದು ಬೇರೆ ಕಾರಣಕ್ಕೆ. ಮೈಸೂರಿನ ವಠಾರದಲ್ಲಿ ನಮ್ಮದು ರೆಡ್ ಆಕ್ಸೈಡ್ ನೆಲದ ಮನೆ. ಹಬ್ಬದ ಹಿಂದಿನ ದಿನ ಅಮ್ಮ ಸೋಪಿನ ನೀರು ಸುರಿದು ನೆಲ ತೊಳೆಯುತ್ತಿದ್ದಳು. ಪೊರಕೆ ತರಲು ಅವಳು ಹಿತ್ತಿಲಿಗೆ ಹೋದ ಆ ಎರಡು ನಿಮಿಷದಲ್ಲಿ ನಾವು ಮಕ್ಕಳೆಲ್ಲ ನಡುಮನೆಯಲ್ಲಿ ಜಾರುವ ಪಂದ್ಯ ಮುಗಿಸಬೇಕು. ಹೊಸ್ತಿಲ ಮೇಲೆ ಸೊಪ್ಪು ಬಿಡಿಸುತ್ತಾ ಕೂತ ಪದ್ದತ್ತೆಯೇ ತೀರ್ಪುಗಾರರು. ನಾನು ಎರಡೂ ಕೈ ಚಾಚಿ, ಎದೆ ಎತ್ತಿ, ಬೆರಳ ತುದಿಯನ್ನೂ ಬಿಡದೆ ಸೊಗಸಾಗಿ ಜಾರಿ ನಡುಮನೆಯ ಮಧ್ಯಕ್ಕೆ ನಿಲ್ಲುತ್ತಿದ್ದೆ. ಚಿಕ್ಕಪ್ಪನ ಮಗ ಮುರಳಿ ಮೂಟೆಯ ಹಾಗೆ ಕುಂಡಿ ಊರಿಕೊಂಡು ಹೋಗಿ ಎದುರು ಗೋಡೆಗೆ ಗುದ್ದುತ್ತಿದ್ದ. "ನೀನು ಚೆನ್ನಾಗಿ ಜಾರ್ದೆ ಮಗೂ. ಆದ್ರೆ ದೂರ ಹೋದೋನು ಅವನು," ಎನ್ನುತ್ತಿದ್ದರು ಪದ್ದತ್ತೆ. ಬಹುಮಾನದ ಕೊಬ್ಬರಿ ಮುರಳಿಗೆ. ಆಮೇಲೆ ಕಚೇರಿಯಲ್ಲಿ ಬಡ್ತಿಯ ಪಟ್ಟಿ ಹೊರಬಿದ್ದಾಗಲೆಲ್ಲ ಸಾಹೇಬರು ಬೇರೆ ಬೇರೆ ಇಂಗ್ಲಿಷಿನಲ್ಲಿ ಪದ್ದತ್ತೆಯ ಮಾತನ್ನೇ ಹೇಳಿದ್ದಾರೆ.

ಇರಲಿ. ಅದೇ ವರ್ಷ ನಮ್ಮ ಮನೆಗೆ ಕಂಪ್ಯೂಟರೂ ಇಂಟರ್ನೆಟ್ಟೂ ಬಂದವು. ತರಿಸಿದವಳು ಮೇಲಿನ ಮನೆಯ ಶಾಹೀನ್. ಹುಬ್ಬಳ್ಳಿಯ ಹುಡುಗಿ, ಸೆಕ್ಟರ್ ಫೈವಿನ ಗಾಜಿನ ಕಟ್ಟಡವೊಂದರಲ್ಲಿ ಸಾಫ್ಟ್‌ವೇರ್ ಇಂಜಿನಿಯರು. ದಿನಾ ಬೆಳಗ್ಗೆ ಅವಳನ್ನು ಕರೆದೊಯ್ಯಲು ಬಿಳಿ ಸುಮೋ ಬಂದು ಹಾರ್ನ್ ಹೊಡೆದರೆ ನಮ್ಮ ಪಾಡಾದ, ಎಂದರೆ ಕೇರಿಯ, ನಾಯಿಗಳೆಲ್ಲ ಏಳುತ್ತಿದ್ದವು. "ಅಂಕಲ್, ಈ ಕಾಲದಾಗ ಮನ್ಯಾಗ ನೆಟ್ ಇಲ್ಲಂದ್ರ ಹೆಂಗ್ರೀ?" ಎಂದು ಕೇಬಲಿನವನನ್ನು ಹಿಡಿದು ತಂದು ಕೂರಿಸಿದಳು.

ನೆಟ್ಟಿನ ಜೊತೆಗೆ ನನ್ನ ಭಯವೂ ಬಂತು. ಪೇಪರಿನಲ್ಲಿ ಓದಿದ್ದೆ: ಹದಿಹರೆಯದ ಹುಡುಗಿ ಎಂದು ಹೇಳಿಕೊಂಡು ಮಕ್ಕಳ ಜೊತೆ ಹರಟುವ ಮುದುಕರಿದ್ದಾರಂತೆ. ಆ ಲೇಖನವನ್ನು ಕತ್ತರಿಸಿ ಕಂಪ್ಯೂಟರಿನ ಎದುರಿನ ಗೋಡೆಗೆ, ಕೂತವರ ಕಣ್ಣಿಗೆ ಬೀಳುವ ಹಾಗೆ ಅಂಟಿಸಿದೆ. ಕಂಪ್ಯೂಟರನ್ನು ಹಾಲಿನ ನಡುವೆಯೇ ಇಟ್ಟೆ. ಊಟಕ್ಕೆ ಕೂರಲು ಎಲ್ಲರೂ ಅದರ ವೈರು ದಾಟಬೇಕಾಗಿತ್ತು.

ಚಿತ್ರಾ ಎರಡೇ ವಾರದಲ್ಲಿ ನೀಲಿ ಅಂಗಿಯ ಅಭಿಮಾನಿಗಳ ಫೋರಮ್ಮು ಸೇರಿಕೊಂಡಳು. ಫೋರಮ್ಮೆಂದರೆ ಕಟ್ಟೆ ಎಂದುಕೊಳ್ಳಿ. ಏಳೆಂಟು ದೇಶದವರು ಕಟ್ಟೆಯ ಮೇಲೆ ಕೂತು ಒಂದೇ ವಿಷಯ ಚರ್ಚಿಸುತ್ತಿದ್ದರು: ನೀಲಿ ಅಂಗಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲುತ್ತಿದೆಯೋ ಇಲ್ಲವೋ? ಒಬ್ಬರು ಅನ್ಯಾಯ ಎಂದರೆ ಇನ್ನೊಬ್ಬರು ಸಿಕ್ಕಿದ್ದೇ ಹೆಚ್ಚು ಎನ್ನುವರು. ಅರವತ್ತು ಪುಟ ದಾಟಿತ್ತು. ಕಲ್ಕತ್ತೆಯವರಿಗೆ ಇದು ಹೊಸದೇನಲ್ಲ. ನಮ್ಮ ಓಣಿಯ ಚಹಾದಂಗಡಿಯ ಬೆಂಚಿನ ಮೇಲೆ ಊರಿನ ಕ್ರಿಕೆಟ್ಟಿಗನಿಗೆ ಆದ ಅನ್ಯಾಯದ ಬಗ್ಗೆ ಆ ವರ್ಷವೆಲ್ಲ ಇದೇ ಚರ್ಚೆ. ಮಣ್ಣಿನ ಕುಡಿಕೆಯ ಚಹಾ ಆರಿದರೂ ಮಾತು ಆರುತ್ತಿರಲಿಲ್ಲ.

ಫೋರಮ್ಮಿನಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ನನ್ನ ಮಗಳು 'ಲುಚಿ', ಇಲ್ಲಿನ ಮೈದಾಹಿಟ್ಟಿನ ಪೂರಿಯ ಹೆಸರು. ನೀಲಿ ಅಂಗಿಯನ್ನು ಕಂಡರಾಗದ ಒಬ್ಬ 'ಕ್ವಾಡ್ ಕಿಂಗ್'. ಕ್ವಾಡ್ ಎಂದರೆ ಆ ನಾಲ್ಕು ಸುತ್ತಿನ ನೆಗೆತ. ಕೆನಡಾದ 'ಸಿಲ್ವರ್ ಬ್ಲೇಡ್' ಲುಚಿಯ ಗೆಳತಿ.

"ಆ ಸಿಲ್ವರ್ ಬ್ಲೇಡು ಹುಡುಗೀನೇ ಅಂತ ಏನು ಗ್ಯಾರಂಟಿ?" ಎಂದು ಕೇಳಿದೆ.

"ಅಪ್ಪಾ, ಅವಳು ನನ್ನ ಏಜ್. ಅವಳ ಮಮ್ಮಿ ಡ್ಯಾಡಿ ಸೆಪರೇಟ್ ಆಗ್ತಿದ್ದಾರೆ. ಅವಳು ಅದು ನನಗೆ ಮಾತ್ರ ಹೇಳಿದ್ದು, ಪತಾ ಹೈ?"

"ಮುದುಕರೂ ಹೀಗೇ ಹೇಳ್ತಾರೆ," ಎಂದು ಗೋಡೆಯ ಕಡೆ ಬೆರಳು ತೋರಿಸಿದೆ.

ಫೆಬ್ರವರಿಯಲ್ಲಿ ಪರೀಕ್ಷೆ ಬಂತು. ಒಂದು ವಾರ ಕಂಪ್ಯೂಟರ್ ಮುಟ್ಟಕೂಡದೆಂದು ರತ್ನ ಆಜ್ಞೆ ಮಾಡಿದಳು. ಚಿತ್ರಾ ಒಪ್ಪಿ ಕೋಣೆ ಸೇರಿದಳು. ಫೋರಮ್ಮಿನ ಬಾಗಿಲು ಮಾತ್ರ ತೆರೆದೇ ಇತ್ತು. ಅಪ್ಪನಾದವನು ಒಮ್ಮೆ ಇಣುಕಿ, ಅಲ್ಲಿರುವವರು ಎಂಥವರು ಎಂದು ನೋಡುವುದು ಕರ್ತವ್ಯವೋ ಅಲ್ಲವೋ, ನೀವೇ ಹೇಳಿ. ಚಹಾ ಲೋಟ ಹಿಡಿದು ಕೂತೆ. ಮೊದಲ ಪುಟದಿಂದ ಓದಿದೆ. ಹದಿನೈದನೇ ಪುಟಕ್ಕೆ ಬರುವಾಗ ಮುದುಕರನ್ನು ಹುಡುಕುವುದು ಮರೆತಿತ್ತು. ಮೂವತ್ತನೇ ಪುಟದಲ್ಲಿ ಅಂಕ ಕೊಡುವ ಪದ್ಧತಿ ಅರ್ಥವಾಯಿತು. ನೆಗೆತಕ್ಕೆ ಒಂದು ಕಲಂ, ಸೊಗಸಿಗೆ ಐದು ಕಲಂ, ಯಾವ ಅಧಿಕಾರಿ ಎಷ್ಟು ಕೊಟ್ಟನೆಂಬುದು ಗುಟ್ಟು. ಆಹಾ, ಇದು ನಮ್ಮ ವಾರ್ಷಿಕ ಗೋಪ್ಯ ವರದಿಯೇ! ಇಪ್ಪತ್ತೆರಡು ವರ್ಷ ಪ್ರತಿ ಮಾರ್ಚಿನಲ್ಲೂ 'ಉತ್ತಮ' ಎಂದು ಬರೆಸಿಕೊಂಡು, ಒಮ್ಮೆಯೂ 'ಅತ್ಯುತ್ತಮ' ಕಾಣದವನಿಗೆ ಅರ್ಥವಾಗದೆ ಇನ್ನಾರಿಗೆ ಆಗಬೇಕು?

ಕೊನೆಯ ಪುಟದಲ್ಲಿ ಕ್ವಾಡ್ ಕಿಂಗ್ ಬರೆದಿದ್ದ: "ಇವನನ್ನು ಮೆಚ್ಚುವವರೆಲ್ಲ ಬದುಕಿನಲ್ಲಿ ಏನನ್ನೂ ಗೆಲ್ಲದವರು."

ಲೋಟ ಕೆಳಗಿಟ್ಟೆ. ಉತ್ತರ ಬರೆದೆ. ಬರೆದದ್ದು ಇಂಗ್ಲಿಷಿನಲ್ಲಿ, ಆದರೆ ನನಗೆ ಬರುವುದು ಒಂದೇ ಇಂಗ್ಲಿಷು, ಕಡತದ ಇಂಗ್ಲಿಷು. ಕನ್ನಡದಲ್ಲಿ ಹೇಳಿದರೆ ಹೀಗಿತ್ತು: "ಮೇಲ್ಕಂಡ ಬರಹವನ್ನು ಪರಿಶೀಲಿಸಲಾಗಿದೆ. ಸದರಿ ಬರಹವು ವಾಸ್ತವಾಂಶಗಳಿಂದ ಕೂಡಿರುವುದಿಲ್ಲವೆಂದು ವಿಷಾದಪೂರ್ವಕವಾಗಿ ತಿಳಿಸಲಾಗಿದೆ. ಎರಡು. ನಾಲ್ಕು ಸುತ್ತಿನ ನೆಗೆತವು ಅಪೇಕ್ಷಣೀಯವೇ ಹೊರತು ಕಡ್ಡಾಯವಲ್ಲ. ಮೂರು. ಸದರಿ ಸ್ಪರ್ಧಿಯ ಪಾದಚಲನೆಗೆ ದೊರೆತ ಅಂಕಗಳ ಮರುಪರಿಶೀಲನೆಗೆ ಸಾಕಷ್ಟು ಆಧಾರಗಳಿವೆ. ನಾಲ್ಕು. ಅಗತ್ಯ ಕ್ರಮಕ್ಕಾಗಿ ಮಂಡಿಸಲಾಗಿದೆ."

ಗುಂಡಿ ಒತ್ತಿದ ಮೇಲೆ ಗಮನಕ್ಕೆ ಬಂತು, ಅದು ಲುಚಿಯ ಹೆಸರಿನಲ್ಲಿ ಹೋಗಿತ್ತು. ಅಳಿಸಲು ಬರಲಿಲ್ಲ. ಮಾರನೆಯ ದಿನ ಅದನ್ನು ಅಳಿಸುವ ದಾರಿ ಹುಡುಕಲೆಂದೇ ಮತ್ತೆ ಕೂತೆ, ದೇವರಾಣೆ. ಅಷ್ಟರಲ್ಲಿ ಹನ್ನೊಂದು ಜನ ಮೆಚ್ಚಿದ್ದರು. ಕ್ವಾಡ್ ಕಿಂಗ್ ಧ್ವನಿ ತಗ್ಗಿಸಿ ಕೇಳಿದ್ದ: "ನಿಮಗೆ ತೀರ್ಪುಗಾರರ ಜೊತೆ ಏನಾದರೂ ಸಂಬಂಧ ಇದೆಯೇ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕಚೇರಿಯಲ್ಲಿ ಹೊರಗಿನವರು ಏನೇ ಕೇಳಲಿ, ಊಟದ ರೂಮು ಎಲ್ಲಿ ಎಂದು ಕೇಳಿದರೂ, ನನ್ನ ಕೈ ತಾನಾಗಿ ಬರೆಯುವುದು ಒಂದೇ ವಾಕ್ಯ. ಅದನ್ನೇ ಬರೆಯಿತು: "ಈ ವಿಷಯದಲ್ಲಿ ಈ ಹಂತದಲ್ಲಿ ಯಾವುದೇ ಹೇಳಿಕೆ ನೀಡಲು ಸಾಧ್ಯವಿಲ್ಲ."

ಕಟ್ಟೆ ಹೊತ್ತಿ ಉರಿಯಿತು. ಲುಚಿ ಯಾರೋ ದೊಡ್ಡ ಅಧಿಕಾರಿಯಂತೆ, ಒಳಗಿನ ಸುದ್ದಿ ಗೊತ್ತಂತೆ! ಮುಂದಿನ ಮೂರು ಸಂಜೆ ನಾನು ಇನ್ನೂ ಮೂರು ಟಿಪ್ಪಣಿ ಹಾಕಿದೆ. ಬದುಕಿನಲ್ಲಿ ಮೊದಲ ಸಲ ನನ್ನ ಟಿಪ್ಪಣಿಗಳನ್ನು ಜನ ಕಾದು ಓದುತ್ತಿದ್ದರು. ರತ್ನ ಅನ್ನಕ್ಕೆ ಕರೆದು ಕರೆದು, "ಆಫೀಸ್ ಕೆಲಸ ಮನೇಗೂ ತಂದ್ರಾ? ಅಲ್ಲೇ ಮಾಡಿದ್ರೆ ಯಾರಾದ್ರೂ ಬೇಡ ಅಂತಿದ್ರಾ?" ಎಂದಳು.

ಪರೀಕ್ಷೆ ಮುಗಿದ ಶುಕ್ರವಾರ ನಾನು ಕಚೇರಿಯಿಂದ ಬರುವಾಗ ಚಿತ್ರಾ ಕಂಪ್ಯೂಟರಿನ ಮುಂದೆ ಕೂತಿದ್ದಳು. ಅಳುತ್ತಿದ್ದಳು, ಸದ್ದಿಲ್ಲದೆ. ಪಕ್ಕದಲ್ಲಿ ಶಾಹೀನ್.

"ಯಾರೋ ನನ್ನ ಅಕೌಂಟ್ ಹ್ಯಾಕ್ ಮಾಡಿದ್ದಾರೆ," ಎಂದಳು ಚಿತ್ರಾ.

ತೆರೆಯ ಮೇಲೆ ಹೊಸ ಚರ್ಚೆ: 'ಲುಚಿ ನಿಜಕ್ಕೂ ಯಾರು?' ಹದಿನಾಲ್ಕು ವರ್ಷದ ಹುಡುಗಿ 'ವಿಷಾದಪೂರ್ವಕವಾಗಿ' ಎಂದು ಬರೆಯುವುದಿಲ್ಲವೆಂದು ಯಾರೋ ಪತ್ತೆ ಹಚ್ಚಿದ್ದರು. ನಿವೃತ್ತ ತೀರ್ಪುಗಾರ ಎಂದರು ಕೆಲವರು. ವಕೀಲ ಎಂದರು ಕೆಲವರು. ಕೊನೆಗೆ ಕ್ವಾಡ್ ಕಿಂಗ್ ಅಪ್ಪಣೆ ಕೊಡಿಸಿದ್ದ: "ಇದು ಹುಡುಗಿಯ ವೇಷ ಹಾಕಿಕೊಂಡ ಯಾವನೋ ಮುದುಕ."

ನಾನು ಗೋಡೆಯ ಮೇಲಿನ ಲೇಖನ ನೋಡಿದೆ. ಅದು ನನ್ನನ್ನು ನೋಡಿತು.

ಅದರ ಕೆಳಗೆ ಸಿಲ್ವರ್ ಬ್ಲೇಡ್ ಒಂದೇ ಸಾಲು ಬರೆದಿದ್ದಳು. "ಹಾಗಾದರೆ ನನ್ನ ಮನೆಯ ವಿಷಯವನ್ನೆಲ್ಲ ನಾನು ಯಾರಿಗೆ ಹೇಳಿದೆ?"

ಶಾಹೀನ್ ನನ್ನ ನಾಲ್ಕೂ ಟಿಪ್ಪಣಿಗಳನ್ನು ನಿಧಾನವಾಗಿ ಓದಿದಳು. ಆಮೇಲೆ ಕುರ್ಚಿ ತಿರುಗಿಸಿ ನನ್ನನ್ನೇ ದಿಟ್ಟಿಸಿದಳು.

"ಅಂಕಲ್, 'ಅಗತ್ಯ ಕ್ರಮಕ್ಕಾಗಿ ಮಂಡಿಸಲಾಗಿದೆ' ಅಂತ ಯಾವ ಹ್ಯಾಕರ್ ಬರೀತಾನ್ರೀ?"

ನಾನು ಟಿಫಿನ್ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದೆ. ಅಷ್ಟು ಸಾಕಾಯಿತು. ಒಳಗಿನಿಂದ ಬಂದ ರತ್ನ ಮೊದಲು ಬಿದ್ದೂ ಬಿದ್ದೂ ನಕ್ಕಳು. ಮಗಳ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು.

"ಅಪ್ಪಾ, ನೀನಾ?" ಎಂದಳು ಚಿತ್ರಾ. "ಎಲ್ಲರನ್ನೂ ಡೌಟ್ ಮಾಡಿ ಮಾಡಿ... ಅವಳು ಈಗ ನನ್ನನ್ನ ಡೌಟ್ ಮಾಡ್ತಾಳೆ. ಅವಳು ಒಬ್ಬಳೇ ಇದ್ದಿದ್ದು ನನಗೆ."

ಅಷ್ಟೇ. ಆಮೇಲೆ ನನ್ನೊಡನೆ ಮಾತು ಬಿಟ್ಟಳು. ಉಪ್ಪು ಬೇಕಾದರೆ, "ಅಮ್ಮಾ, ಅವರಿಗೆ ಉಪ್ಪು ಪಾಸ್ ಮಾಡೋಕೆ ಹೇಳು," ಎನ್ನುವಳು. ನಾನು 'ಅವರು' ಆದದ್ದು ನನಗೆ ಬಡ್ತಿ ತಪ್ಪಿದ್ದಕ್ಕಿಂತ ಹೆಚ್ಚು ನೋಯಿತು. ಅವಳು ಮತ್ತೆ ಚಾನೆಲ್ ತಿರುವತೊಡಗಿದಳು. ನೀಲಿ ಅಂಗಿ ಬಂದರೂ ನಿಲ್ಲಿಸುತ್ತಿರಲಿಲ್ಲ.

ನಾನು ಫೋರಮ್ಮಿಗೆ ತಪ್ಪೊಪ್ಪಿಗೆ ಬರೆಯಲು ಕೂತೆ. ರತ್ನ ಓದಿ, "ಇದನ್ನ ಓದಿದ್ರೆ ನೀವು ರಜೆ ಕೇಳ್ತಿರೋ ಹಾಗಿದೆ," ಎಂದಳು. ಇನ್ನೊಂದು ಬರೆದೆ. ಶಾಹೀನ್ ಓದಿ, "ಅಂಕಲ್, ಕ್ಷಮಾ ಕೇಳೋದಕ್ಕ ಪ್ಯಾರಾಕ್ಕ ನಂಬರ್ ಯಾಕ ಹಾಕೀರಿ?" ಎಂದಳು. ಕಡೆಗೆ ಅವಳೇ ಅಸಲು ತೊಡಕು ಹೇಳಿದಳು. "ನೀವು ಏನ ಬರದ್ರೂ ನಂಬೂದಿಲ್ಲ ನೋಡ್ರಿ. 'ನಾ ಹುಡುಗಿ ಅಲ್ಲ, ಆಕಿ ಅಪ್ಪ' ಅಂತ ಮುದುಕನೂ ಅನ್ನಬಹುದಲ್ಲ? ಮಾರಿ ತೋರ್ಸಬೇಕು."

ಭಾನುವಾರ ಸಂಜೆ ತನ್ನ ವೆಬ್‌ಕ್ಯಾಮ್ ತಂದು ಕಂಪ್ಯೂಟರಿನ ತಲೆಯ ಮೇಲೆ ಕೂರಿಸಿದಳು. ಸಿಲ್ವರ್ ಬ್ಲೇಡಿಗೆ ಅವಳೇ ಪತ್ರ ಬರೆದು ಒಪ್ಪಿಸಿದ್ದಳು. ಅಲ್ಲಿ ಆಗ ಬೆಳಗ್ಗೆ. ರತ್ನ ರೇಷ್ಮೆ ಸೀರೆ ಉಟ್ಟಳು, ಹೆಣ್ಣು ನೋಡಲು ಬರುವವರಿದ್ದಾರೇನೋ ಎಂಬ ಹಾಗೆ. ನಾನು ಟೈ ಕಟ್ಟಿದೆ; ಶಾಹೀನ್ ಬಿಚ್ಚಿಸಿದಳು. ಕ್ಯಾಮೆರಾದ ವೈರು ಮೋಟು, ಹಾಗಾಗಿ ಕಂಪ್ಯೂಟರನ್ನು ಅತ್ತ ತಿರುಗಿಸಿ ನಾವು ಗೋಡೆಗೆ ಬೆನ್ನು ಕೊಟ್ಟು ಕೂರಬೇಕಾಯಿತು. ಚಿತ್ರಾ ಮಧ್ಯೆ, ನಮ್ಮಿಬ್ಬರನ್ನೂ ಮುಟ್ಟದೆ.

ಚೌಕುಳಿ ಚೌಕುಳಿಯಾಗಿ ಚಿತ್ರ ಬಂತು. ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಸಣ್ಣ ಹುಡುಗಿ. ಅವಳ ಹಿಂದೆ ಡ್ರೆಸ್ಸಿಂಗ್ ಗೌನಿನಲ್ಲಿ ಕೈಕಟ್ಟಿ ನಿಂತ ಅವಳ ತಾಯಿ. ಆ ನಿಲುವು ನೋಡಿದ ಕೂಡಲೇ ಗುರುತು ಹತ್ತಿತು, ನನ್ನದೇ ಜಾತಿ. ಆ ಹೆಂಗಸು ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲ. ನನ್ನಿಂದಾಗಿ.

"ಬರೆದದ್ದು ನೀವೇನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಹೌದು, ಮೇಡಂ."

"ಯಾಕೆ?"

ಈ ಹಂತದಲ್ಲಿ ಯಾವುದೇ ಹೇಳಿಕೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ನನ್ನ ಮಗಳು ಯಾರ ಜೊತೆ ಮಾತಾಡುತ್ತಾಳೋ ಎಂದು ಹೆದರಿಕೆಯಾಯಿತು. ನೋಡಲು ಹೋದೆ. ಆಮೇಲೆ... ಆ ಹುಡುಗನಿಗೆ ಅನ್ಯಾಯವಾಗಿದೆ ಎನ್ನಿಸಿತು. ತಪ್ಪೆಲ್ಲ ನನ್ನದು. ನಿಮ್ಮ ಮಗಳು ಬರೆದ ಗುಟ್ಟಿನ ಕಾಗದ ಒಂದನ್ನೂ ನಾನು ಓದಿಲ್ಲ. ಅವನ್ನೆಲ್ಲ ಓದಿದವಳು ಇವಳೊಬ್ಬಳೇ."

ಆಕೆ ಬಹಳ ಹೊತ್ತು ನನ್ನನ್ನು ನೋಡಿದರು. ಅಥವಾ ಚಿತ್ರ ನಿಂತುಹೋಗಿತ್ತೋ, ಹೇಳಲಾರೆ. ಆಮೇಲೆ, "ನಿಮ್ಮ ತಲೆಯ ಹಿಂದೆ ಅಂಟಿಸಿರುವುದು ಏನು?" ಎಂದರು.

ತಿರುಗಿ ನೋಡಿದೆ. ಹುಡುಗಿಯರ ವೇಷ ಹಾಕುವ ಮುದುಕರ ಲೇಖನ. ನನ್ನ ಮುಖಕ್ಕೆ ಕಿರೀಟದ ಹಾಗೆ ಕೂತಿತ್ತು. ಏನೆಂದು ವಿವರಿಸಿದೆ, ಬೇರೆ ದಾರಿಯಿರಲಿಲ್ಲ. ಆಕೆ ಹಿಂದಕ್ಕೆ ಸರಿದು ಎಲ್ಲಿಂದಲೋ ಒಂದು ಕಾಗದ ಕಿತ್ತು ತಂದು ಕ್ಯಾಮೆರಾಕ್ಕೆ ಹಿಡಿದರು. ಅವರ ಊರಿನ ಪೇಪರು. ಅದೇ ಲೇಖನ. ಅವರು ಫ್ರಿಜ್ಜಿಗೆ ಅಂಟಿಸಿದ್ದರಂತೆ.

ಮೊದಲು ನಕ್ಕವಳು ಹಲ್ಲಿನ ತಂತಿಯ ಹುಡುಗಿ. ಆಮೇಲೆ ಚಿತ್ರಾ. ಆಮೇಲೆ ಇಬ್ಬರೂ ಸೇರಿ ನಮ್ಮನ್ನೂ ಆ ತಾಯಿಯನ್ನೂ ಕ್ಯಾಮೆರಾದ ಎದುರಿನಿಂದ ಎಬ್ಬಿಸಿ ಓಡಿಸಿದರು. ಒಂದು ಗಂಟೆ ಮಾತಾಡಿದರು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಅಡುಗೆಮನೆಯಲ್ಲಿ ರತ್ನ ನನ್ನ ತೋಳು ಹಿಡಿದುಕೊಂಡೇ ಇದ್ದಳು.

ಅಂದೇ ಸಿಲ್ವರ್ ಬ್ಲೇಡ್ ಫೋರಮ್ಮಿನಲ್ಲಿ ಬರೆದಳು: "ಲುಚಿಯನ್ನು ಕಣ್ಣಾರೆ ನೋಡಿದೆ. ಅವಳು ನಿಜ. ಅವಳಿಗೊಬ್ಬ ಅಪ್ಪ ಇದ್ದಾನೆ, ಅಷ್ಟೇ." ಕಟ್ಟೆಯವರಿಗೆ ಅಷ್ಟು ಸಾಕಾಯಿತು. ಅಪ್ಪಂದಿರು ಎಲ್ಲ ದೇಶದಲ್ಲೂ ಇರುತ್ತಾರೆ.

ಆದರೆ ಚಿತ್ರಾ ನನ್ನೊಡನೆ ಇನ್ನೂ ಮಾತಾಡಿರಲಿಲ್ಲ. ಊಟದಲ್ಲಿ ಉಪ್ಪು ಕೇಳಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿತ್ತೆಂದು ನನಗೆ ಗೊತ್ತಿತ್ತು. ಮಾರನೆಯ ಸಂಜೆ ನಾನು ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಅವಳು ಕಂಪ್ಯೂಟರಿನ ಮುಂದೆ ಇದ್ದಳು.

"ಅಪ್ಪಾ," ಎಂದಳು, ತೆರೆಯಿಂದ ಕಣ್ಣು ತೆಗೆಯದೆ. "ಪಾಸ್‌ವರ್ಡ್ ಚೇಂಜ್ ಮಾಡ್ತಿದೀನಿ. ಆ ಕಡೆ ತಿರುಗು."

ತಿರುಗಿದೆ. ಬಾಗಿಲ ಪಕ್ಕದ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತೆ, ಅನುಮಾನಕ್ಕೆ ಎಡೆ ಬೇಡವೆಂದು. ಹಿಂದೆ ಟಕಟಕ ಸದ್ದಾಯಿತು. ನಿಂತಿತು. ಮತ್ತೆ ಆಯಿತು. ಎರಡು ಸಲ ಹಾಕಬೇಕಂತೆ. ಆಮೇಲೆ ಸದ್ದಿಲ್ಲ.

"ತಿರುಗಲಾ?" ಎಂದೆ.

"ಬೇಡ. ಅಲ್ಲೇ ಇರು." ಕುರ್ಚಿ ಕಿರ್ರೆಂದಿತು. "ಕ್ವಾಡ್ ಕಿಂಗ್ ಮತ್ತೆ ಬಂದಿದ್ದಾನೆ. ಫುಟ್‌ವರ್ಕ್ ಎಲ್ಲಾ ಬರೀ ಡೆಕೊರೇಶನ್ ಅಂತೆ. ಏನು ಹೇಳೋಣ? ನೀನು ಹೇಳು, ನಾನು ಬರೀತೀನಿ. ನಾರ್ಮಲ್ ಭಾಷೇಲಿ."

ನಾನು ಗೋಡೆಯ ಕಡೆ ಮುಖ ಮಾಡಿಕೊಂಡೇ ಗಂಟಲು ಸರಿಮಾಡಿಕೊಂಡೆ.